ಕೆಳಗೆ ಯಂತ್ರ, ಮೇಲೆ ಅಚ್ಚುಮೊಳೆ

ಕಳೆದ ಸಂಚಿಕೆಯಲ್ಲಿ ಹಳೆಯ ಮುದ್ರಣಾಲಯಗಳ ಕುರಿತು ಪ್ರಕಟಿಸಿದ್ದ ಅರ್ಧ ಪುಟದ ಟಿಪ್ಪಣಿಯ ಜೊತೆಗೆ, ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿರುವ ಎವರಾರ್ಡ್ ಮುದ್ರಣಾಲಯದ ಮುಂಗೋಡೆಯ ಚಿತ್ರವನ್ನೂ ಕೊಟ್ಟಿದ್ದೆವು. ಟಿಪ್ಪಣಿಗಿಂತ ಚಿತ್ರವೇ ಹೆಚ್ಚು ಓದುಗರ ಗಮನ ಸೆಳೆದಂತೆ ಕಾಣುತ್ತದೆ. ಬಂದ ಪತ್ರಗಳಲ್ಲಿ ಒಂದೇ ವಿಷಯವನ್ನು ಕೇಳಿದವುಗಳನ್ನು ಒಟ್ಟುಗೂಡಿಸಿ, ಉಳಿದವುಗಳಿಗೆ ಬೇರೆಬೇರೆಯಾಗಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಚಿತ್ರದಲ್ಲಿರುವ ಕಟ್ಟಡವು ಅರಮನೆಯೋ ಇಗರ್ಜಿಯೋ ಎಂಬಂತಿದೆ. ಕಾಗದಕ್ಕೆ ಮಸಿ ಹಚ್ಚುವ ಜಾಗಕ್ಕೆ ಇಷ್ಟೊಂದು ಅಲಂಕಾರ ಏಕೆ ಬೇಕಾಯಿತು? ವಿಕ್ಟೋರಿಯಾ ರಾಣಿಯ ಕಾಲದ ಪತ್ರಿಕಾ ಕಚೇರಿಗಳೆಲ್ಲ ಹೀಗೆಯೇ ಇದ್ದವೆ?
(ಮಾಳಮಡ್ಡಿ, ಧಾರವಾಡದ ಓದುಗರು)

ಉತ್ತರ: ಮೊದಲಿಗೆ ನಮ್ಮದೇ ಒಂದು ಅಸ್ಪಷ್ಟತೆಯನ್ನು ಸರಿಪಡಿಸಬೇಕು. ಎವರಾರ್ಡ್ ಅವರದು ಪತ್ರಿಕಾ ಕಚೇರಿಯಾಗಿರಲಿಲ್ಲ. ಅದು ಹೊರಗಿನವರಿಗೆ ಮುದ್ರಣದ ಕೆಲಸ ಮಾಡಿಕೊಡುತ್ತಿದ್ದ ಮುದ್ರಣಾಲಯ. ಅದರ ಮುಂಗೋಡೆ ಸಿದ್ಧವಾದದ್ದು 1900ರ ಸುಮಾರಿಗೆ, ರಾಣಿ ತೀರಿಕೊಂಡದ್ದು 1901ರ ಜನವರಿಯಲ್ಲಿ. ಆದ್ದರಿಂದ ಅದನ್ನು ಆ ಯುಗದ ಕೊನೆಯ ದಿನಗಳ ಕಟ್ಟಡವೆಂದು ಕರೆಯಬಹುದು. ಪಿಂಗಾಣಿ ಸಾಮಾನು ಮಾಡುವ ಡೌಲ್ಟನ್ ಕಂಪನಿಯ ಕಲಾವಿದ ಡಬ್ಲ್ಯೂ. ಜೆ. ನೀಟ್‌ಬಿ ಮೆರುಗು ಹಾಕಿದ ಬಣ್ಣದ ಬಿಲ್ಲೆಗಳಿಂದ ಆ ಗೋಡೆಯನ್ನು ಚಿತ್ರದಂತೆ ಕಟ್ಟಿದನು. ಒಂದು ಬದಿಯಲ್ಲಿ ಹದಿನೈದನೆಯ ಶತಮಾನದಲ್ಲಿ ಯುರೋಪಿನ ಮುದ್ರಣಕ್ಕೆ ನಾಂದಿ ಹಾಡಿದ ಗುಟೆನ್‌ಬರ್ಗ್, ಇನ್ನೊಂದು ಬದಿಯಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಕೈಮುದ್ರಣವನ್ನು ಮತ್ತೆ ಎತ್ತಿಹಿಡಿದ ವಿಲಿಯಂ ಮಾರಿಸ್ ತಮ್ಮ ತಮ್ಮ ಅಚ್ಚಿನ ಯಂತ್ರಗಳ ಮುಂದೆ ನಿಂತಿದ್ದಾರೆ. ನಡುವೆ ರೆಕ್ಕೆಯುಳ್ಳ ಒಂದು ಆಕೃತಿಯಿದೆ. ಎಲ್ಲಕ್ಕಿಂತ ಮೇಲೆ ಕೈಯಲ್ಲಿ ದೀಪ ಮತ್ತು ಕನ್ನಡಿ ಹಿಡಿದ ಹೆಣ್ಣುಮಗಳಿದ್ದಾಳೆ. ದೀಪ ಬೆಳಕಿನ ಗುರುತು, ಕನ್ನಡಿ ಸತ್ಯದ ಗುರುತು. ಅಚ್ಚುಮೊಳೆಯ (ತುದಿಯಲ್ಲಿ ಒಂದೊಂದು ಅಕ್ಷರವಿರುವ ಲೋಹದ ತುಂಡಿನ) ಕೆಲಸ ಮಾಡಿದವರಿಗೆ ಆ ಕನ್ನಡಿ ಇನ್ನೊಂದು ಅರ್ಥವನ್ನೂ ಹೇಳುತ್ತದೆ, ಏಕೆಂದರೆ ಮೊಳೆಯ ಮೇಲಿನ ಅಕ್ಷರವು ಯಾವಾಗಲೂ ಕನ್ನಡಿಯಲ್ಲಿ ಕಂಡಂತೆ ಎಡಬಲ ಬದಲಾಗಿಯೇ ಇರುತ್ತದೆ. ಗೋಡೆಯ ಹಿಂದಿದ್ದ ಕಾರ್ಖಾನೆಯನ್ನು 1970ರ ಸುಮಾರಿಗೆ ಕೆಡವಿ, ಈ ಗೋಡೆಯನ್ನು ಮಾತ್ರ ಉಳಿಸಿಕೊಂಡಿದ್ದಾರೆ.

ಇನ್ನು ಪತ್ರಿಕೆಗಳ ವಿಷಯ. ಇಂಗ್ಲೆಂಡಿನಲ್ಲಿ ಪತ್ರಿಕೆಯ ಪ್ರತಿಯೊಂದು ಪ್ರತಿಯ ಮೇಲೂ 1712ರಿಂದ ಮುದ್ರಾಂಕ ತೆರಿಗೆಯಿತ್ತು. 1815ರಲ್ಲಿ ಅದನ್ನು ನಾಲ್ಕು ಪೆನ್ನಿಗಳಿಗೆ ಏರಿಸಿದರು. ಬಡವರ ಕೈಗೆ ಪತ್ರಿಕೆ ಸಿಗದಿರಲಿ ಎಂಬುದೇ ಅದರ ಒಳಗಿನ ಉದ್ದೇಶವಾಗಿತ್ತು. 1836ರಲ್ಲಿ ಅದು ಒಂದು ಪೆನ್ನಿಗೆ ಇಳಿಯಿತು. 1853ರಲ್ಲಿ ಜಾಹೀರಾತಿನ ಮೇಲಿನ ಸುಂಕವೂ, 1855ರಲ್ಲಿ ಮುದ್ರಾಂಕ ತೆರಿಗೆಯೂ, 1861ರಲ್ಲಿ ಕಾಗದದ ಸುಂಕವೂ ಒಂದರ ಹಿಂದೊಂದು ರದ್ದಾದವು. ಹೀಗೆ ಎಂಟೇ ವರ್ಷಗಳಲ್ಲಿ ಪತ್ರಿಕೆಯ ಬೆಲೆ ಬಿದ್ದು, ಓದುಗರು ಹೆಚ್ಚಿ, ಜಾಹೀರಾತು ಹರಿದುಬಂದಿತು. ಡೈಲಿ ಟೆಲಿಗ್ರಾಫ್ ಹುಟ್ಟಿದ್ದು 1855ರಲ್ಲಿ, ಆ ಸಂದರ್ಭದ ಬಲದಿಂದಲೇ. ಆ ಕಾಲದ ಪತ್ರಿಕಾ ಕಚೇರಿಗಳ ಗೋಪುರ, ಕಮಾನು, ಗಡಿಯಾರ, ಕೆತ್ತನೆಗಳೆಲ್ಲ ಬಹುಮಟ್ಟಿಗೆ ಈ ಜಾಹೀರಾತಿನ ಹಣದಿಂದ ಎದ್ದವು. ಜಾಹೀರಾತು ಕೊಡುವವನು ಹಣ ಹಿಡಿದುಕೊಂಡು ಬೀದಿಯಿಂದ ನೇರವಾಗಿ ಒಳಗೆ ಬರುವ ಕೋಣೆ ನೆಲಮಟ್ಟದಲ್ಲಿ, ಮುಂಭಾಗದಲ್ಲಿ ಇರುತ್ತಿತ್ತು. ಅವನಿಗೆ ಈ ಸಂಸ್ಥೆ ನಾಳೆ ಬಾಗಿಲು ಮುಚ್ಚುವಂಥದಲ್ಲ ಎಂಬ ಭರವಸೆ ಮೂಡಬೇಕಾಗಿತ್ತು. ಆದ್ದರಿಂದ ಬ್ಯಾಂಕಿನ ಮುಖವನ್ನೇ ಪತ್ರಿಕಾ ಕಚೇರಿಗೂ ಹಚ್ಚಿದರು. ಹಿತ್ತಲ ಕಡೆಯ ಓಣಿಗೆ ಹೋಗಿ ನೋಡಿದರೆ ಅದೇ ಕಟ್ಟಡವು ಬರಿಯ ಇಟ್ಟಿಗೆಯ ಗೋಡೆ, ದೊಡ್ಡ ಕಿಟಕಿ, ಗಾಡಿ ನಿಲ್ಲುವ ಅಂಗಳ ಇಷ್ಟೇ ಆಗಿರುತ್ತಿತ್ತು. ನನ್ನ ಮಟ್ಟಿಗೆ ಹೇಳುವುದಾದರೆ, ಇಂಥ ಕಟ್ಟಡಗಳ ನಿಜವಾದ ಮುಖ ಅದೇ.

ಅಲಂಕಾರವೆಂದು ಕಾಣುವುದೆಲ್ಲವೂ ಬರಿಯ ಅಲಂಕಾರವೇ ಆಗಿರುವುದಿಲ್ಲ ಎಂಬುದಕ್ಕೆ ಸ್ಕಾಟ್ಲೆಂಡಿನ ಒಂದು ಉದಾಹರಣೆಯನ್ನು ಕೊಡಬಹುದು. ಗ್ಲಾಸ್ಗೋ ಹೆರಾಲ್ಡ್ ಪತ್ರಿಕೆಗಾಗಿ 1893ರಿಂದ 1895ರ ನಡುವೆ ಮಿಚೆಲ್ ಬೀದಿಯಲ್ಲಿ ಕಟ್ಟಿದ ಕಟ್ಟಡಕ್ಕೆ ಒಂದು ಎತ್ತರದ ಮೂಲೆಗೋಪುರವಿದೆ. ಅದನ್ನು ಬರೆದವನು, ಮುಂದೆ ಪ್ರಸಿದ್ಧನಾದ, ಆಗ ಒಂದು ವಾಸ್ತುಶಿಲ್ಪ ಸಂಸ್ಥೆಯಲ್ಲಿ ನಕಾಶೆ ಬರೆಯುತ್ತಿದ್ದ ಚಾರ್ಲ್ಸ್ ರೆನ್ನಿ ಮ್ಯಾಕಿಂತೋಷ್. ನೋಡುವವರಿಗೆ ಅದು ಪತ್ರಿಕೆಯ ಗತ್ತು ಎನಿಸುತ್ತದೆ. ಆದರೆ ಅದರ ತಲೆಯೊಳಗೆ 8,000 ಗ್ಯಾಲನ್, ಅಂದರೆ ಸುಮಾರು 36,000 ಲೀಟರ್ ನೀರಿನ ತೊಟ್ಟಿಯನ್ನು ಇಟ್ಟಿದ್ದರು. ಕಾಗದದ ರಾಶಿ, ಎಣ್ಣೆಯ ಮಸಿ, ಗ್ಯಾಸಿನ ದೀಪಗಳು ಒಂದೇ ಸೂರಿನಡಿ ಇರುವ ಕಡೆ ಬೆಂಕಿಯ ಭಯ ಹಗಲಿರುಳೂ ಇರುತ್ತಿತ್ತು. ನೀರು ಎತ್ತರದಲ್ಲಿದ್ದರೆ ಮಾತ್ರ ಒತ್ತಡದಿಂದ ಇಳಿದು ಬರುತ್ತದೆ. ಹುಬ್ಬಳ್ಳಿಯಲ್ಲಿ ನಾವು ನೀರಿನ ಟಾಕಿಯನ್ನು ಮುಚ್ಚುಮರೆಯಿಲ್ಲದೆ ಕಂಬದ ಮೇಲೆ ನಿಲ್ಲಿಸುತ್ತೇವೆ; ಅವರು ಅದಕ್ಕೆ ಗೋಪುರ ಕಟ್ಟಿ ಒಳಗಿಟ್ಟರು. ಅದೇ ಕಟ್ಟಡ 1999ರಿಂದ ವಿನ್ಯಾಸ ಮತ್ತು ವಾಸ್ತುಶಿಲ್ಪದ ಕೇಂದ್ರವಾಗಿ ಬಳಕೆಗೆ ಬಂದಿತು.

ಪ್ರಶ್ನೆ: ನಾನು ಸಿವಿಲ್ ಎಂಜಿನಿಯರಿಂಗ್ ಓದುತ್ತಿದ್ದೇನೆ. ಟಿಪ್ಪಣಿಯಲ್ಲಿ “ಯಂತ್ರ ನೆಲಮಾಳಿಗೆಯಲ್ಲಿ, ಮೊಳೆ ಜೋಡಿಸುವವರು ಎಲ್ಲಕ್ಕಿಂತ ಮೇಲಿನ ಮಹಡಿಯಲ್ಲಿ” ಎಂದು ಬರೆದಿದ್ದೀರಿ. ಮೊಳೆ ಸೀಸದ್ದು, ಬಹಳ ಭಾರ. ಭಾರವಾದದ್ದನ್ನು ಮೇಲಿಟ್ಟು ಮತ್ತೆ ಕೆಳಗಿಳಿಸುವುದು ಜಾಣತನವೆ?
(ವಿದ್ಯಾನಗರ, ಹುಬ್ಬಳ್ಳಿಯ ಓದುಗರು)

ಉತ್ತರ: ಬಂದ ಪ್ರಶ್ನೆಗಳಲ್ಲೆಲ್ಲ ಇದೇ ನನಗೆ ಹೆಚ್ಚು ಹಿಡಿಸಿತು. ಮೊದಲು ಭಾರವನ್ನು ಲೆಕ್ಕ ಹಾಕೋಣ. ಇಂಗ್ಲಿಷ್ ಅಳತೆಯ ಮೊಳೆಯ ಎತ್ತರ ಸುಮಾರು 23 ಮಿಲಿಮೀಟರ್. ದಿನಪತ್ರಿಕೆಯ ದೊಡ್ಡ ಪುಟವೊಂದರ ಅಚ್ಚಿನ ಭಾಗವನ್ನು 55 ಸೆಂಟಿಮೀಟರ್ ಉದ್ದ, 38 ಸೆಂಟಿಮೀಟರ್ ಅಗಲ ಎಂದು ಹಿಡಿದರೆ, ಅದು ಹೆಚ್ಚುಕಡಿಮೆ 4,800 ಘನ ಸೆಂಟಿಮೀಟರ್ ಲೋಹವಾಗುತ್ತದೆ. ಮೊಳೆಯ ಲೋಹವು ಸೀಸ, ತವರ, ಆಂಟಿಮನಿಗಳ ಮಿಶ್ರಣ. ಘನ ಸೆಂಟಿಮೀಟರಿಗೆ ಸುಮಾರು 10 ಗ್ರಾಂ ತೂಗುತ್ತದೆ. ಪದಗಳ ನಡುವೆ ಬರುವ ಗಿಡ್ಡ ತುಂಡುಗಳಿಗಾಗಿ ಸ್ವಲ್ಪ ಕಳೆದರೂ ಒಂದು ಪುಟ 40 ಕಿಲೋಗೆ ಕಡಿಮೆಯಾಗುವುದಿಲ್ಲ. ಎಂಟು ಪುಟಗಳ ಪತ್ರಿಕೆಯೆಂದರೆ ಮುನ್ನೂರು ಕಿಲೋ ದಾಟಿದ ಲೋಹವು ಪ್ರತಿ ರಾತ್ರಿ ಮೇಲಿನಿಂದ ಕೆಳಗೆ ಇಳಿಯಬೇಕು. ಅಂದಮೇಲೆ ನಿಮ್ಮ ಸಂದೇಹ ನ್ಯಾಯವಾದದ್ದೇ.

ಆದರೂ ಅವರು ಮೊಳೆಯನ್ನು ಮೇಲೇರಿಸಿದ್ದು ಬೆಳಕಿಗಾಗಿ. ಮೊಳೆ ಜೋಡಿಸುವವನ ಕೆಲಸವನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಎಡಗೈಯಲ್ಲಿ ಒಂದು ಗೇಣುದ್ದದ, ಮೂರು ಬದಿ ಕಟ್ಟಿದ ಲೋಹದ ಪಟ್ಟಿ ಇರುತ್ತದೆ; ಅದನ್ನು ನಮ್ಮ ಛಾಪಖಾನೆಗಳಲ್ಲಿಯೂ ಸ್ಟಿಕ್ ಎಂದೇ ಕರೆಯುತ್ತಿದ್ದರು. ಬಲಗೈ ಮುಂದಿನ ಓರೆ ಚೌಕಟ್ಟಿನ ಖಾನೆಗಳಿಂದ ಒಂದೊಂದೇ ಮೊಳೆಯನ್ನು ಹೆಕ್ಕಿ ತರುತ್ತದೆ. ಮೊಳೆಯ ಒಂದು ಬದಿಗೆ ಕಚ್ಚು ಇರುತ್ತದೆ. ಹೆಬ್ಬೆರಳಿಗೆ ಆ ಕಚ್ಚು ತಾಗಿತೆಂದರೆ ಅಕ್ಷರ ಸರಿಯಾದ ದಿಕ್ಕಿಗಿದೆ ಎಂದು ಅರ್ಥ, ಕಣ್ಣು ಅದನ್ನು ನೋಡುವ ಅಗತ್ಯವಿಲ್ಲ. ಕಣ್ಣು ಇರುವುದು ಒಂದು ಕಡೆ ಹಸ್ತಪ್ರತಿಯ ಮೇಲೆ, ಇನ್ನೊಂದು ಕಡೆ ಜೋಡಿಸಿದ ಸಾಲಿನ ಮೇಲೆ. ಆ ಸಾಲನ್ನು ಅವನು ತಲೆಕೆಳಗಾಗಿ, ಎಡದಿಂದ ಬಲಕ್ಕೆ ಓದುತ್ತಾನೆ. ಇಂಥ ಸಣ್ಣ ಅಕ್ಷರಗಳನ್ನು ಗ್ಯಾಸಿನ ದೀಪದ ಹಳದಿ ಬೆಳಕಿನಲ್ಲಿ ದಿನವಿಡೀ ಓದಿದರೆ ಕಣ್ಣೂ ಹೋಗುತ್ತದೆ, ತಪ್ಪೂ ಹೆಚ್ಚುತ್ತದೆ. ಇಕ್ಕಟ್ಟಾದ ನಗರದಲ್ಲಿ ಪಕ್ಕದ ಕಟ್ಟಡಗಳು ಬೆಳಕನ್ನು ಕದಿಯುತ್ತವೆ. ಸೂರಿನ ಕೆಳಗಿನ ಮಹಡಿಗೆ ಮಾತ್ರ ಮೇಲಿನಿಂದ ಗಾಜಿನ ಮೂಲಕ ಬೆಳಕು ಬರುತ್ತದೆ. ಆ ಗಾಜನ್ನೂ ಉತ್ತರ ದಿಕ್ಕಿಗೇ ಇಡುತ್ತಿದ್ದರು, ಏಕೆಂದರೆ ಅಲ್ಲಿ ಉತ್ತರದ ಬೆಳಕಿನಲ್ಲಿ ಬಿಸಿಲಿನ ಕೋಲು ಬೀಳುವುದಿಲ್ಲ, ಲೋಹ ಮಿನುಗುವುದಿಲ್ಲ. ಈ ನಿಯಮವನ್ನು ನೀವು ಧಾರವಾಡದಲ್ಲಿ ಹಾಗೆಯೇ ಅನ್ವಯಿಸಿದರೆ ಪೂರ್ತಿ ಫಲಿಸುವುದಿಲ್ಲ: ಧಾರವಾಡ ಸುಮಾರು ಹದಿನೈದೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ, ಮೇ ತಿಂಗಳ ಆರಂಭದಿಂದ ಆಗಸ್ಟ್ ಎರಡನೆಯ ವಾರದವರೆಗೆ ನಡುಹಗಲಿನ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಅದರಲ್ಲಿ ಬಹುಪಾಲು ಮಳೆಗಾಲವಾದ್ದರಿಂದ ಮೋಡವೇ ನಮಗೆ ಪರದೆ.

ಯಂತ್ರವನ್ನು ಕೆಳಗಿಡಲು ಕಾರಣ ಭಾರ ಮಾತ್ರವಲ್ಲ, ಅದರ ಅದುರು. ಉಗಿಯಂತ್ರದಿಂದ ತಿರುಗುವ ಸಿಲಿಂಡರುಗಳು ಮಹಡಿಯ ಮೇಲಿದ್ದರೆ ಇಡೀ ಕಟ್ಟಡ ನಡುಗುತ್ತದೆ. ಆದ್ದರಿಂದ ಯಂತ್ರದ ಅಡಿಪಾಯವನ್ನು ಗೋಡೆಗಳ ಅಡಿಪಾಯಕ್ಕೆ ತಾಗದಂತೆ ಬೇರೆಯಾಗಿ ಹಾಕುವ ಪದ್ಧತಿ ಬಂದಿತು. ಮೇಲಿನ ಮಹಡಿಗಳನ್ನು ಎರಕದ ಕಬ್ಬಿಣದ ಕಂಬಗಳು ಹೊರುತ್ತಿದ್ದವು. ಇದರಿಂದ ಯಂತ್ರದ ಕೋಣೆಯಲ್ಲಿ ಅಡ್ಡಗೋಡೆಯಿಲ್ಲದ ಜಾಗ ಸಿಕ್ಕಿತು. ನೆಲಮಾಳಿಗೆಗೆ ಬೆಳಕು ತರಲು ಬೀದಿಯ ಕಾಲುದಾರಿಯಲ್ಲಿಯೇ ದಪ್ಪ ಗಾಜಿನ ಗುಂಡುಗಳನ್ನು ಕೂರಿಸುತ್ತಿದ್ದರು, ಜನ ಅದರ ಮೇಲೆಯೇ ನಡೆದು ಹೋಗುತ್ತಿದ್ದರು.

ನಿಮ್ಮ ಆಕ್ಷೇಪಕ್ಕೆ ಅವರು ಕಂಡುಕೊಂಡ ಪರಿಹಾರವು ವಾಸ್ತುಶಿಲ್ಪದಿಂದ ಬಂದುದಲ್ಲ, ಹಸಿ ಕಾಗದದಿಂದ ಬಂದುದು. ಕಾಗದದ ಹಾಳೆಗಳನ್ನು ಅಂಟು ಹಚ್ಚಿ ಪದರಪದರವಾಗಿ ಕೂಡಿಸಿ, ಒದ್ದೆಯಿರುವಾಗಲೇ ಜೋಡಿಸಿದ ಪುಟದ ಮೇಲೆ ಒತ್ತಿ ಒಣಗಿಸಿದರೆ ಅಕ್ಷರಗಳ ಅಚ್ಚು ತಗ್ಗಾಗಿ ಮೂಡುತ್ತದೆ. ಆ ಹಗುರವಾದ ಕಾಗದದಚ್ಚನ್ನು ಬಗ್ಗಿಸಿ ಅದರೊಳಗೆ ಕರಗಿದ ಲೋಹ ಹೊಯ್ದರೆ ಸಿಲಿಂಡರಿಗೆ ಹೊಂದುವ ಬಾಗಿದ ತಗಡು ಸಿದ್ಧ. ಮೊಳೆಗಳು ಮೇಲೆಯೇ ಉಳಿದವು. ಹಗುರವಾದ ಅಚ್ಚು ಮಾತ್ರ ಕೆಳಗಿಳಿಯಿತು. ಒಂದೇ ಅಚ್ಚಿನಿಂದ ಹಲವು ತಗಡು ಹೊಯ್ದು ಹಲವು ಯಂತ್ರಗಳಲ್ಲಿ ಒಂದೇ ಪುಟವನ್ನು ಒಟ್ಟಿಗೆ ಅಚ್ಚು ಮಾಡಲೂ ಸಾಧ್ಯವಾಯಿತು. ಮೇಲಿನ ಮಹಡಿಗೂ ನೆಲಮಾಳಿಗೆಗೂ ನಡುವೆ ಸಂಪಾದಕರು, ಕರಡು ತಿದ್ದುವವರು, ಅವರಿಗೆ ಹಸ್ತಪ್ರತಿಯನ್ನು ಗಟ್ಟಿಯಾಗಿ ಓದಿಹೇಳುವ ಹುಡುಗರು ಕೂಡುತ್ತಿದ್ದರು. ಸುದ್ದಿ ಮೆಟ್ಟಿಲು ಹತ್ತಿ ಹೋಗುತ್ತಿತ್ತು, ಅಚ್ಚಾಗಿ ಇಳಿಯುತ್ತಿತ್ತು, ಕಾಗದವಾಗಿ ಹಿತ್ತಲ ಬಾಗಿಲಿನಿಂದ ಗಾಡಿ ಹತ್ತುತ್ತಿತ್ತು. ಇಂಥ ಕಟ್ಟಡದ ನಕಾಶೆಯನ್ನು ಈ ದಾರಿಯಲ್ಲಿಯೇ ಓದಬೇಕೆಂದು ನಿಮಗೆ ಸೂಚಿಸುತ್ತೇನೆ. ಮುಂಗೋಡೆಯಿಂದ ಆರಂಭಿಸಿದರೆ ಏನೂ ತಿಳಿಯುವುದಿಲ್ಲ.

ಪ್ರಶ್ನೆ: ಉಗಿಯಂತ್ರದಿಂದ ಮೊದಲು ಅಚ್ಚಾದ ಪತ್ರಿಕೆ ಯಾವುದು?
(ಕೇಶ್ವಾಪುರ, ಹುಬ್ಬಳ್ಳಿಯ ಓದುಗರು)

ಉತ್ತರ: ಲಂಡನ್ನಿನ ಟೈಮ್ಸ್, 1814ರ ನವೆಂಬರ್ 29ರ ಸಂಚಿಕೆ. ಜರ್ಮನಿಯ ಫ್ರೆಡರಿಕ್ ಕೋನಿಗ್ ಮತ್ತು ಆಂಡ್ರಿಯಾಸ್ ಬವರ್ ಅವರ ಯಂತ್ರ ಗಂಟೆಗೆ ಸುಮಾರು 1,100 ಹಾಳೆ ಹೊರಹಾಕಿತು. ಕೈಯಿಂದ ಎಳೆಯುವ ಕಬ್ಬಿಣದ ಯಂತ್ರದಲ್ಲಿ ಇಬ್ಬರು ಆಳುಗಳು ಗಂಟೆಗೆ 200ರಿಂದ 250 ಹಾಳೆ ತೆಗೆದರೆ ಹೆಚ್ಚು. ವಿಕ್ಟೋರಿಯಾ ಪಟ್ಟಕ್ಕೆ ಬರುವ 23 ವರ್ಷ ಮೊದಲೇ ಇದು ನಡೆಯಿತೆಂಬುದನ್ನು ಗಮನಿಸಿ.

ಪ್ರಶ್ನೆ: ಅದೇ ಕಾಲದಲ್ಲಿ ನಮ್ಮ ಧಾರವಾಡದಿಂದಲೂ ಪತ್ರಿಕೆಗಳು ಹೊರಡುತ್ತಿದ್ದವೆಂದು ಓದಿದ್ದೇನೆ. ಅವುಗಳಿಗೆ ಇಂಥ ಕಟ್ಟಡಗಳು ಏಕಿರಲಿಲ್ಲ? ಇದ್ದು ಬಿದ್ದುಹೋದವೆ?
(ಸಪ್ತಾಪುರ, ಧಾರವಾಡ; ಇದೇ ಅರ್ಥದ ಪತ್ರ ಹಾವೇರಿಯಿಂದಲೂ ಬಂದಿದೆ)

ಉತ್ತರ: ಬಿದ್ದುಹೋಗಲಿಲ್ಲ, ಅಂಥವು ಏಳುವ ಕಾರಣವೇ ಇಲ್ಲಿರಲಿಲ್ಲ. ಆದರೆ ಅದನ್ನು ಕೊರತೆ ಎಂದು ಮಾತ್ರ ನೋಡುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ.

ವಿಕ್ಟೋರಿಯಾ ಪಟ್ಟಕ್ಕೆ ಬಂದ 1837ರಲ್ಲಿಯೇ ಸ್ವಿಟ್ಜರ್ಲೆಂಡಿನ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯಾದ ಬಾಸೆಲ್ ಮಿಶನ್ನಿನವರು ಧಾರವಾಡಕ್ಕೆ ಬಂದರು. 1839ರಲ್ಲಿ ಹುಬ್ಬಳ್ಳಿಯಲ್ಲಿ, 1841ರಲ್ಲಿ ಬೆಟಗೇರಿಯಲ್ಲಿ ನೆಲೆ ಮಾಡಿದರು. ಆದರೆ ಅವರ ಮುದ್ರಣಾಲಯ 1841ರಲ್ಲಿ ಆರಂಭವಾದದ್ದು ಮಂಗಳೂರಿನಲ್ಲಿ. ಕನ್ನಡದ ಮೊದಲ ಪತ್ರಿಕೆಯಾದ ಮಂಗಳೂರ ಸಮಾಚಾರವನ್ನು ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಹೊರಡಿಸಿದಾಗ ಅದು ಕಲ್ಲಚ್ಚಿನಲ್ಲಿ ಮುದ್ರಿತವಾಯಿತು. ಕಲ್ಲಚ್ಚಿಗೆ ಮೊಳೆ ಬೇಡ, ಖಾನೆಗಳು ಬೇಡ. ಕೈಬರಹವನ್ನೇ ನುಣುಪಾದ ಕಲ್ಲಿನ ಮೇಲೆ ಇಳಿಸಿ ಒತ್ತಬಹುದು. ಒತ್ತಕ್ಷರ, ಗುಣಿತ, ದೀರ್ಘಗಳೆಂದು ನೂರಾರು ಬಗೆಯ ಮೊಳೆ ಬೇಡುವ ನಮ್ಮ ಲಿಪಿಗೆ ಅದು ಆಗ ಸುಲಭದ ದಾರಿಯಾಗಿತ್ತು. ಹೀಗೆ ಕನ್ನಡ ಪತ್ರಿಕೋದ್ಯಮವು ಒಂದು ಕೋಣೆ, ಒಂದು ಕಲ್ಲು, ಒಂದು ಒತ್ತುಯಂತ್ರದಿಂದ ಹುಟ್ಟಿತು.

ಆ ಮೇಲೆ ಧಾರವಾಡದಿಂದ ಚಂದ್ರೋದಯ, ರಾಜಹಂಸ, ಕರ್ನಾಟಕ ವೃತ್ತ ಮೊದಲಾದ ಪತ್ರಿಕೆಗಳು ಹೊರಟವು. ಇಲ್ಲಿ ಮೂರು ವಿಷಯಗಳನ್ನು ನೆನಪಿಡಬೇಕು. ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಕಚೇರಿ, ವ್ಯಾಪಾರಗಳಲ್ಲಿ ಮರಾಠಿಯ ಪ್ರಭಾವ ಹೆಚ್ಚಿದ್ದು ಕನ್ನಡ ಓದುವವರ ಸಂಖ್ಯೆ ಚಿಕ್ಕದಿತ್ತು. ಎರಡನೆಯದಾಗಿ, ಇವು ದಿನಪತ್ರಿಕೆಗಳಲ್ಲ, ವಾರಕ್ಕೊಮ್ಮೆ ಬರುವಂಥವು. ಕೆಲವು ನೂರು ಪ್ರತಿಗಳನ್ನು ಕೈಯಂತ್ರದಲ್ಲಿ ಒಂದೇ ದಿನದಲ್ಲಿ ತೆಗೆದು ಮುಗಿಸಬಹುದಾದಾಗ ನೆಲಮಾಳಿಗೆ, ಉಗಿಯಂತ್ರ, ಗೋಪುರಗಳೆಲ್ಲ ಯಾರಿಗೆ ಬೇಕು? ಮೂರನೆಯದು ಕಾನೂನಿನ ಭಯ. ವೈಸರಾಯ್ ಲಾರ್ಡ್ ಲಿಟ್ಟನ್ ತಂದ 1878ರ ದೇಶಭಾಷಾ ಪತ್ರಿಕೆಗಳ ಕಾಯಿದೆಯ ಪ್ರಕಾರ ಸರಕಾರಕ್ಕೆ ಒಲ್ಲದ್ದನ್ನು ಅಚ್ಚು ಹಾಕಿದವರ ಯಂತ್ರವನ್ನೇ ಜಪ್ತಿ ಮಾಡಬಹುದಾಗಿತ್ತು. ಇಂಗ್ಲಿಷ್ ಪತ್ರಿಕೆಗಳಿಗೆ ಈ ಕಾಯಿದೆ ತಾಗುತ್ತಿರಲಿಲ್ಲ. ಅವನ ನಂತರ ಬಂದ ವೈಸರಾಯ್ ರಿಪ್ಪನ್ನನ ಕಾಲದಲ್ಲಿ ಅದು ರದ್ದಾಯಿತಾದರೂ, ದೇಶೀ ಪತ್ರಿಕೆಗಳ ಸಾರವನ್ನು ಮುಂಬಯಿ ಸರಕಾರ ವಾರವಾರವೂ ಇಂಗ್ಲಿಷಿಗೆ ಮಾಡಿಸಿಕೊಂಡು ಓದುವುದು ನಡೆದೇ ಇತ್ತು. ಯಾವಾಗ ಕಳೆದುಕೊಳ್ಳಬೇಕಾದೀತೋ ಎಂಬ ಸೊತ್ತಿಗೆ ಯಾರೂ ಗೋಪುರ ಕಟ್ಟುವುದಿಲ್ಲ.

ಆದ್ದರಿಂದ ನಮ್ಮಲ್ಲಿ ಪತ್ರಿಕೆ ಮನೆಯೊಳಗೆ ಬಂದು ಕುಳಿತಿತು. ನಾನು ತಾರುಣ್ಯದಲ್ಲಿ ಕರಡು ತಿದ್ದಲು ಹೋಗುತ್ತಿದ್ದ ಗದಗಿನ ಒಂದು ಛಾಪಖಾನೆ ಅಂಥದೇ ಹಳೆಯ ಮನೆಯಲ್ಲಿತ್ತು. ಅದರಲ್ಲಿ ಕಾಲಿನಿಂದ ತುಳಿದು ನಡೆಸುವ ಟ್ರೆಡಲ್ ಯಂತ್ರ ಪಡಸಾಲೆಯಲ್ಲಿ, ಗಟ್ಟಿ ನೆಲದ ಮೇಲೆ. ಮೊಳೆಯ ಖಾನೆಗಳು ಕಿಟಕಿಗೆ ಆತುಕೊಂಡು, ನೇರವಾಗಿ ಬೆಳಕಿಂಡಿಯ ಕೆಳಗೆ. ಸೀಮೆಎಣ್ಣೆಯಿಂದ ಮೊಳೆ ತೊಳೆಯುವುದು ಹಿತ್ತಲಲ್ಲಿ. ಹಾಳೆ ಮಡಚಿ ವಿಳಾಸ ಅಂಟಿಸುವುದು ಮುಂದಿನ ಕಟ್ಟೆಯ ಮೇಲೆ. ಲಂಡನ್ನಿನವರು ಐದು ಮಹಡಿಗಳಲ್ಲಿ ನಿಲ್ಲಿಸಿದ ವ್ಯವಸ್ಥೆಯನ್ನು ಇಲ್ಲಿ ನೆಲದ ಮೇಲೆ ಉದ್ದಕ್ಕೆ ಮಲಗಿಸಿದ್ದರು ಅಷ್ಟೆ: ಭಾರಕ್ಕೆ ಗಟ್ಟಿ ನೆಲ, ಕಣ್ಣಿಗೆ ಮೇಲಿನ ಬೆಳಕು, ಸರಕಿಗೆ ಬೀದಿಯ ಬಾಗಿಲು. ಮೇಲ್ಮುದ್ದೆಯ (ಮಣ್ಣಿನ ಮಾಳಿಗೆಯ) ಮನೆಯ ಬೆಳಕಿಂಡಿ ಮೊಳೆ ಜೋಡಿಸುವವರಿಗಾಗಿಯೇ ಹುಟ್ಟಿದ್ದೇನೋ ಎನಿಸುತ್ತಿತ್ತು. ತೊಂದರೆ ಇದ್ದದ್ದು ಮಳೆಗಾಲದಲ್ಲಿ. ಆಗ ಮಸಿ ಹಚ್ಚುವ ರೋಲರನ್ನು ಸರೇಸು ಮತ್ತು ಬೆಲ್ಲದ ಪಾಕದಿಂದ ಎರಕ ಹೊಯ್ಯುತ್ತಿದ್ದರು; ವಿಲಾಯತಿಯಲ್ಲಿಯೂ ಸರೇಸು ಮತ್ತು ಕಾಕಂಬಿಯೇ. ತೇವ ಹಿಡಿದರೆ ಅದು ಮೆತ್ತಗಾಗಿ ಮೊಳೆಗೆ ಅಂಟಿಕೊಳ್ಳುತ್ತಿತ್ತು, ಎಪ್ರಿಲ್ ಬಿಸಿಲಿಗೆ ಕರಗಿ ಜೋಲುತ್ತಿತ್ತು, ರಾತ್ರಿ ಮುಚ್ಚಿಡದಿದ್ದರೆ ಇಲಿ ತಿಂದುಹೋಗುತ್ತಿತ್ತು. ಒಂದು ಶ್ರಾವಣದಲ್ಲಿ ಬೆಳಕಿಂಡಿ ಸೋರಿ ನಾನು ತಿದ್ದಿದ್ದ ಎಂಟು ಪುಟಗಳ ಕರಡು ನೀರಿನ ಪಾಲಾದಾಗ, ಮ್ಯಾಕಿಂತೋಷನ ನೀರು ಕನಿಷ್ಠ ತೊಟ್ಟಿಯೊಳಗಾದರೂ ಇತ್ತು ಎಂದು ಈಗ ನೆನೆದು ನಗುತ್ತೇನೆ.

ವಾಡೆಯಲ್ಲಿ ಪತ್ರಿಕೆ ನಡೆಸುವುದು ಬಡತನದ ಲಕ್ಷಣವೇ ಆಗಬೇಕಿಲ್ಲ. ಧಾರವಾಡ, ಹುಬ್ಬಳ್ಳಿಗಳಲ್ಲಿಯೂ ಓದುಗರಿದ್ದ, 1881ರಲ್ಲಿ ಆರಂಭವಾದ ಪುಣೆಯ ಕೇಸರಿ ಪತ್ರಿಕೆಗೆ ಟಿಳಕರು 1905ರಲ್ಲಿ ಕೊಂಡ ಗಾಯಕವಾಡ ವಾಡೆಯೇ ಮನೆಯಾಯಿತು. ಇಂದಿಗೂ ಅದನ್ನು ಕೇಸರಿ ವಾಡೆ ಎನ್ನುತ್ತಾರೆ.

ವಿಕ್ಟೋರಿಯಾ ಕಾಲದ ದೊಡ್ಡ ಕಚೇರಿಯ ಕಟ್ಟಡವನ್ನು ಧಾರವಾಡದಲ್ಲಿ ನೋಡಲೇಬೇಕೆಂದಿದ್ದರೆ ಕರ್ನಾಟಕ ಕಾಲೇಜಿಗೆ ಹೋಗಿ. 1882ರಲ್ಲಿ ಸ್ಥಾಪನೆಯಾದ ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿಯಾಗಿ ಕಟ್ಟಿದ್ದ ಆ ಕಟ್ಟಡಕ್ಕೆ, 1917ರಲ್ಲಿ ಆರಂಭವಾದ ಕಾಲೇಜು ಮುಂದೆ ಬಂದು ನೆಲೆಸಿತು. ಹಣವೂ ಅಧಿಕಾರವೂ ಆಗ ಎಲ್ಲಿದ್ದವೆಂಬುದನ್ನು ಆ ಕಟ್ಟಡ ತಾನೇ ಹೇಳುತ್ತದೆ. ಆದರೆ ಮುದ್ರಣಕ್ಕೂ ಛಾವಣಿಗೂ ಒಂದು ನಂಟು ನಮ್ಮ ಕಡೆಯೂ ಇದೆ: ಮಂಗಳೂರಿನ ಮಿಶನ್ ಮುದ್ರಣಾಲಯದಲ್ಲಿ ಮೊಳೆಯ ಮುದ್ರಣವನ್ನು ನೆಲೆಗೊಳಿಸಲು 1851ರಲ್ಲಿ ಬಂದ ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನ್ ಕುಶಲಕರ್ಮಿಯೇ 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದನು. ಮುಂದೆ ಧಾರವಾಡದ ಎಷ್ಟೋ ಮನೆಗಳ ಮೇಲೆ, ಅವುಗಳೊಳಗಿನ ಛಾಪಖಾನೆಗಳ ಮೇಲೆ ಕೂತ ಮಂಗಳೂರು ಹೆಂಚಿನ ಕಥೆ ಅಚ್ಚಿನ ಮನೆಯಿಂದಲೇ ಹೊರಟದ್ದು.

ದಿನಪತ್ರಿಕೆಗೆ ತಕ್ಕ ಯಂತ್ರ, ಕಟ್ಟಡಗಳು ನಮ್ಮಲ್ಲಿ ಬಂದದ್ದು ಬಹಳ ತಡವಾಗಿ. ಬೆಳಗಾವಿಯಲ್ಲಿ ಆರಂಭವಾದ ಸಂಯುಕ್ತ ಕರ್ನಾಟಕ 1930ರ ದಶಕದಲ್ಲಿ ಹುಬ್ಬಳ್ಳಿಗೆ ಬಂದುದರಲ್ಲಿ ರೈಲಿನ ಪಾತ್ರವೂ ಇದ್ದೀತೆಂದು ನನಗೆ ತೋರುತ್ತದೆ. ರಾತ್ರಿ ಅಚ್ಚಾದ ಕಟ್ಟುಗಳು ಬೆಳಗಿನೊಳಗೆ ನಾಲ್ಕು ದಿಕ್ಕಿಗೆ ಹೋಗಬೇಕಾದರೆ ಜಂಕ್ಷನ್ನಿಗಿಂತ ಒಳ್ಳೆಯ ಜಾಗ ಯಾವುದಿದೆ?

ಪ್ರಶ್ನೆ: ನಮ್ಮ ಅಜ್ಜನ ಕಾಲದ ಪುಸ್ತಕ, ಪತ್ರಿಕೆಗಳ ಕೊನೆಯಲ್ಲಿ ಮುದ್ರಕರ ಹೆಸರು, ಊರುಗಳನ್ನು ತಪ್ಪದೆ ಹಾಕಿರುತ್ತಾರೆ. ಇದು ಹೆಮ್ಮೆಗಾಗಿಯೆ?
(ರಾಣೆಬೆನ್ನೂರಿನ ಓದುಗರು)

ಉತ್ತರ: ಅದು ಕಾನೂನಿಗಾಗಿ. 1867ರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಕಾಯಿದೆಯು ಮುದ್ರಿಸಿದವರ ಹೆಸರನ್ನೂ ಮುದ್ರಣದ ಸ್ಥಳವನ್ನೂ, ಪ್ರಕಾಶಕರ ಹೆಸರನ್ನೂ ಸ್ಥಳವನ್ನೂ ಸ್ಪಷ್ಟವಾಗಿ ಅಚ್ಚು ಮಾಡಲೇಬೇಕೆಂದು ವಿಧಿಸಿತು. ಮುದ್ರಣಾಲಯ ಇಟ್ಟುಕೊಂಡವನು ಮ್ಯಾಜಿಸ್ಟ್ರೇಟರ ಮುಂದೆ ಘೋಷಣೆ ಮಾಡಬೇಕಾಗಿತ್ತು. ಸರಕಾರಕ್ಕೆ ಅದು ಹಿಡಿಯುವ ಕೊಂಡಿ. ನಮಗೆ ಇಂದು ಅದು ವರ. ಯಾವ ಓಣಿಯ ಯಾವ ಮನೆಯಲ್ಲಿ ಛಾಪಖಾನೆಯಿತ್ತೆಂದು ಪತ್ತೆ ಹಚ್ಚಲು ಆ ಒಂದು ಸಾಲಿಗಿಂತ ನಂಬಬಹುದಾದ ಆಧಾರ ಮತ್ತೊಂದಿಲ್ಲ. ನೂರೈವತ್ತು ವರ್ಷಗಳಿಗೂ ಹೆಚ್ಚು ಬಾಳಿದ ಆ ಕಾಯಿದೆಯ ಬದಲಿಗೆ 2023ರಲ್ಲಿ ಸಂಸತ್ತು ಹೊಸ ಕಾಯಿದೆಯನ್ನು ಮಾಡಿತು. ನಿಮ್ಮ ಅಜ್ಜನ ಪುಸ್ತಕಗಳ ಕಟ್ಟು ಬಿಚ್ಚಿಹೋಗಿದ್ದರೆ, ಮತ್ತೆ ಕಟ್ಟಿಸುವಾಗ ಆ ಕೊನೆಯ ಹಾಳೆಯನ್ನು ಬಿಸಾಡದಂತೆ ಕಟ್ಟುವವರಿಗೆ ಹೇಳಿಡಿ.

ಪ್ರಶ್ನೆ: ಬೆಟಗೇರಿಯಲ್ಲಿ ನಾವು ಕೊಂಡ ಹಳೆಯ ಮನೆಯನ್ನು ದುರಸ್ತಿ ಮಾಡಿಸುತ್ತಿದ್ದೇವೆ. ಅಲ್ಲಿ ಹಿಂದೆ ಪ್ರೆಸ್ ಇತ್ತೆಂದು ಓಣಿಯ ಹಿರಿಯರು ಹೇಳುತ್ತಾರೆ. ಗುರುತಿಸುವುದು ಹೇಗೆ? ನೆಲ ಅಗೆಯುವಾಗ ಎರಡು ಲೋಹದ ಕಡ್ಡಿಗಳು ಸಿಕ್ಕವು, ಫೋಟೋ ಕಳಿಸಿದ್ದೇನೆ. ಒಂದರ ತುದಿಯಲ್ಲಿ ಉಲ್ಟಾ ಅಕ್ಷರವಿದೆ. ಇನ್ನೊಂದು ಅದಕ್ಕಿಂತ ಗಿಡ್ಡ, ಅದರಲ್ಲಿ ಏನೂ ಇಲ್ಲ, ಸವೆದುಹೋಗಿರಬೇಕು.
(ಗದಗ-ಬೆಟಗೇರಿಯ ಓದುಗರು)

ಉತ್ತರ: ಮುದ್ರಣಕಾಶಿ ಎಂದು ಹೆಸರಾದ ನಿಮ್ಮ ಊರಿನಲ್ಲಿ ಹಿರಿಯರ ಮಾತನ್ನು ಸುಳ್ಳೆನ್ನುವುದು ಕಷ್ಟ. ಪಡಸಾಲೆಯ ನೆಲದಲ್ಲಿ ನಾಲ್ಕು ಮೂಲೆಗೆ ನಾಲ್ಕು ಬೋಲ್ಟಿನ ತೂತುಗಳಿರುವ ಕಲ್ಲುಚಪ್ಪಡಿ ಇದೆಯೇ ನೋಡಿ. ಅದರ ಸುತ್ತ ಕಲ್ಲು ಎಣ್ಣೆ ಕುಡಿದು ಕಪ್ಪಾಗಿರುತ್ತದೆ, ಎಷ್ಟು ತೊಳೆದರೂ ಹೋಗುವುದಿಲ್ಲ. ತೊಲೆಗಳಿಗೆ ಕಬ್ಬಿಣದ ಕಡಾಣಿಗಳನ್ನು ಸಾಲಾಗಿ ಹೊಡೆದಿದ್ದರೆ, ಅಲ್ಲಿ ಯಂತ್ರಗಳಿಗೆ ಬೆಲ್ಟು ಹಾಯಿಸುವ ದಂಡ ತಿರುಗುತ್ತಿದ್ದಿರಬಹುದು. ಹೆಂಚಿನ ನಡುವೆ ಬೇಕೆಂದೇ ಹಾಕಿಸಿದ ಗಾಜಿನ ಹೆಂಚುಗಳು ಒಂದೇ ಗೋಡೆಯ ಮೇಲೆ ಗುಂಪಾಗಿದ್ದರೆ, ಅವುಗಳ ಕೆಳಗೆ ಮೊಳೆಯ ಖಾನೆಗಳಿದ್ದವೆಂದು ತಿಳಿಯಬಹುದು. ಇವುಗಳ ಫೋಟೋ ಮತ್ತು ಅಳತೆಗಳನ್ನು ಮೇಸ್ತ್ರಿ ಕೈ ಹಚ್ಚುವ ಮೊದಲೇ ತೆಗೆದುಕೊಳ್ಳಿ, ಆ ಮೇಲೆ ನಿಮ್ಮ ಅನುಕೂಲದಂತೆ ದುರಸ್ತಿ ಮಾಡಿಸಿ.

ಕಡ್ಡಿಗಳು ಅಚ್ಚುಮೊಳೆಗಳೇ. ಸೀಸವಿರುವುದರಿಂದ ಮಕ್ಕಳ ಕೈಗೆ, ಬಾಯಿಗೆ ಹೋಗದಂತೆ ಇಡಿ, ಮುಟ್ಟಿದ ಮೇಲೆ ಕೈ ತೊಳೆದುಕೊಳ್ಳಿ. ಮೊದಲನೆಯದನ್ನು ಸ್ಟಾಂಪಿನ ಪ್ಯಾಡಿಗೆ ಒತ್ತಿ ಕಾಗದದ ಮೇಲಿಟ್ಟರೆ ಅಕ್ಷರ ನೇರವಾಗಿ ಮೂಡುತ್ತದೆ. ಎರಡನೆಯದು ಸವೆದದ್ದಲ್ಲ. ಅದನ್ನು ಗಿಡ್ಡವಾಗಿಯೇ ಎರಕ ಹೊಯ್ದಿರುತ್ತಾರೆ, ರೋಲರಿನ ಮಸಿ ಅದಕ್ಕೆ ತಾಗದಿರಲೆಂದು. ಎರಡು ಪದಗಳ ನಡುವಿನ ಬಿಳಿ ಜಾಗ ಅದು.